ಬೆಳೆದ ಮನೆಗೆ ಮತ್ತೆ ಹೋಗುವ ಮುನ್ನ

ಪ್ರಶ್ನೆ: ನನಗೀಗ 43. ಓದೋಕೆ ಅಂತ 18ಕ್ಕೆ ಮನೆ ಬಿಟ್ಟವಳು, ಆಮೇಲೆ ಅಲ್ಲಿ ಎರಡು ರಾತ್ರಿಗಿಂತ ಜಾಸ್ತಿ ಉಳಿದಿದ್ದೇ ಇಲ್ಲ. ಅಪ್ಪ ತೀರಿಕೊಂಡು ಎರಡು ವರ್ಷ ಆಯಿತು. ಅಮ್ಮನಿಗೆ 74. ಅಣ್ಣ ಅವರ ಜೊತೆ ಇದ್ದಾನೆ. ಈಗ ಮನೆ ಮಾರುತ್ತಿದ್ದಾರೆ. 'ಬಂದು ಹತ್ತು ದಿನ ಇದ್ದು ನಿನ್ನ ಸಾಮಾನೆಲ್ಲ ನೋಡಿಕೊಂಡು ಹೋಗು' ಅಂತ ಅಮ್ಮ ಕರೆದಿದ್ದಾರೆ. ಆ ಮನೆಯಲ್ಲಿ ಅಪ್ಪನಿಗೆ ಸಿಟ್ಟು ಬಂದರೆ ಅಮ್ಮನ ಜೊತೆ ವಾರಗಟ್ಟಲೆ ಮಾತು ಬಿಡುತ್ತಿದ್ದರು. 'ಅಪ್ಪಂಗೆ ಹೇಳು', 'ಅಮ್ಮಂಗೆ ಹೇಳು' ಅಂತ ಇಬ್ಬರ ನಡುವೆ ಓಡಾಡುತ್ತಿದ್ದವಳು ನಾನು. ರಾತ್ರಿ ಅಮ್ಮ ನನ್ನ ಪಕ್ಕ ಕೂತು ಅಳುತ್ತಿದ್ದರು. ಅಣ್ಣ ಕೋಣೆಯ ಬಾಗಿಲು ಹಾಕಿಕೊಂಡಿರುತ್ತಿದ್ದ. ಒಂದು ಸಲ ಫೋನಿನಲ್ಲಿ ಈ ಮಾತು ಎತ್ತಿದ್ದಕ್ಕೆ ಅಮ್ಮ 'ಹಾಗೇನೂ ಇರಲಿಲ್ಲ, ಎಲ್ಲರ ಮನೇಲೂ ಇರೋದೇ' ಅಂದುಬಿಟ್ಟರು. ಅಣ್ಣ 'ಬಿಟ್ಟು ಹೋದವಳಿಗೆ ಏನು ಗೊತ್ತು' ಅಂದ. ನಾನು ಹೋಗಬೇಕಾ? ಹೋದರೆ ಹಳೆಯದನ್ನು ಕೇಳಬೇಕಾ? ಆ ಮನೆಗೆ ಕಾಲಿಟ್ಟ ಅರ್ಧ ಗಂಟೆಯಲ್ಲಿ ನಾನು ಹನ್ನೆರಡು ವರ್ಷದವಳಾಗಿಬಿಡುತ್ತೇನೆ, ಯಾಕೆ ಹೀಗೆ? ನನ್ನ ಮಗಳಿಗೂ ಈಗ ಅದೇ ವಯಸ್ಸು. ಅವಳನ್ನು ಕರೆದುಕೊಂಡು ಹೋಗಲಾ?

ಉತ್ತರ: ಹೋಗಿ. ಆದರೆ ಹತ್ತು ದಿನಕ್ಕಲ್ಲ, ಮೂರು ದಿನಕ್ಕೆ. ಅಮ್ಮನ ಬಾಯಿಂದ 'ಹೌದು, ನಿನಗೆ ಅನ್ಯಾಯ ಮಾಡಿದೆವು' ಅನ್ನುವ ಮಾತು ಬರಲೇಬೇಕು ಅಂತ ಮನಸ್ಸಿನಲ್ಲಿದ್ದರೆ ಮಾತ್ರ ಸ್ವಲ್ಪ ತಡೆಯಿರಿ. ಆ ಆಸೆಯಲ್ಲಿ ತಪ್ಪೇನಿಲ್ಲ. ಆದರೆ ಅದೊಂದನ್ನೇ ಹಿಡಿದುಕೊಂಡು ಹೋದವರು ಬರಿಗೈಲಿ ವಾಪಸ್ ಬರುವುದನ್ನೇ ನಾನು ಜಾಸ್ತಿ ನೋಡಿದ್ದೇನೆ. ಹೋಗುವಾಗ ಒಂದು ನೋವಿದ್ದರೆ, ಬರುವಾಗ ಎರಡಾಗಿರುತ್ತವೆ.

ಇದನ್ನು ನಿಮ್ಮ ಪತ್ರ ಓದಿ ಹೇಳುತ್ತಿದ್ದೇನೆ, ಎಲ್ಲರಿಗೂ ಅಲ್ಲ. ಹೊಡೆತ, ಲೈಂಗಿಕ ಕಿರುಕುಳ ನಡೆದ ಮನೆ ಬೇರೆ. ಹಾಗೆ ಮಾಡಿದವರು ಇನ್ನೂ ಅಲ್ಲೇ ಇದ್ದರೆ, ನೆನೆಸಿಕೊಂಡರೆ ಇವತ್ತಿಗೂ ಮೈ ನಡುಗುತ್ತಿದ್ದರೆ, ಹೋಗದೇ ಇರುವುದೂ ಒಂದು ಸರಿಯಾದ ತೀರ್ಮಾನವೇ. ಸಾಮಾನು ಬೇರೆಯವರು ತಂದುಕೊಡಬಹುದು. 'ಎಷ್ಟಾದರೂ ಹೆತ್ತವರಲ್ವಾ' ಅಂತ ತಳ್ಳುವವರ ಮಾತಿಗೆ ಅಲ್ಲಿ ಬೆಲೆ ಕೊಡಬೇಕಾಗಿಲ್ಲ. ಇನ್ನೊಂದು ಕಡೆ, ಸಣ್ಣ ಮನಸ್ತಾಪಕ್ಕೂ 'ಅವರನ್ನು ಬಿಟ್ಟುಬಿಡಿ' ಅನ್ನುವ ಸಲಹೆ ಈಗ ಎಲ್ಲಿ ನೋಡಿದರೂ ಸಿಗುತ್ತದೆ. ನನಗೆ ಅದರ ಮೇಲೂ ಅಷ್ಟೇನೂ ನಂಬಿಕೆ ಇಲ್ಲ. ನಿಮ್ಮ ಮನೆಯಲ್ಲಿ ನಡೆದದ್ದು ಸಣ್ಣದಲ್ಲ. ಆದರೂ ಅಮ್ಮ, ಅಣ್ಣ ಇಬ್ಬರೂ ಬದುಕಿದ್ದಾರೆ, ಅಮ್ಮ ತಾವಾಗಿ ಕರೆದಿದ್ದಾರೆ, ಮನೆ ಇನ್ನೂ ಇದೆ. ಹೋಗುವುದಕ್ಕೆ ಇಷ್ಟು ಸಾಕು.

ಮೊದಲು ಆ ಅರ್ಧ ಗಂಟೆಯ ವಿಷಯ. ಜಾಗಕ್ಕೂ ನೆನಪಿಗೂ ನಂಟಿದೆ ಅಂತ ಎಲ್ಲರೂ ಹೇಳುತ್ತಾರೆ. 1975ರಲ್ಲಿ ಗಾಡನ್ ಮತ್ತು ಬ್ಯಾಡ್ಲಿ ಎಂಬ ಇಬ್ಬರು ಮನಶ್ಶಾಸ್ತ್ರಜ್ಞರು ಮುಳುಗುಗಾರರಿಗೆ ಪದಗಳ ಪಟ್ಟಿ ಕಲಿಸಿದರು. ಕೆಲವನ್ನು ನೀರಿನೊಳಗೆ, ಕೆಲವನ್ನು ದಡದಲ್ಲಿ. ಕಲಿತ ಜಾಗದಲ್ಲೇ ಕೇಳಿದಾಗ ಅವರಿಗೆ ಜಾಸ್ತಿ ಪದ ನೆನಪಾದವು. ಮನಶ್ಶಾಸ್ತ್ರ ಓದಿದವರಿಗೆಲ್ಲ ಈ ಪ್ರಯೋಗ ಗೊತ್ತು. ಅಷ್ಟಾಗಿ ಗೊತ್ತಿಲ್ಲದ್ದು ಏನೆಂದರೆ, 2021ರಲ್ಲಿ ಇದನ್ನೇ ಮತ್ತೆ ಮಾಡಿ ನೋಡಿದಾಗ ಆ ವ್ಯತ್ಯಾಸ ಸಿಗಲಿಲ್ಲ. ಹಾಗಾಗಿ ಎಲ್ಲವನ್ನೂ ಗೋಡೆ, ಕಿಟಕಿ, ವಾಸನೆಯ ತಲೆಗೆ ಕಟ್ಟಲು ನನಗೆ ಮನಸ್ಸಿಲ್ಲ. ವಾಸನೆಗೆ ಶಕ್ತಿ ಇದೆ, ನಿಜ. ಮೆಟ್ಟಿಲ ಮೇಲೆ ಯಾರದೋ ಹೆಜ್ಜೆ ಸದ್ದು ಕೇಳಿದರೆ ಬೆನ್ನು ತಾನಾಗಿ ಸೆಟೆದುಕೊಳ್ಳುತ್ತದೆ, ಅದೂ ನಿಜ. ಆದರೆ ನಿಮ್ಮನ್ನು ಹನ್ನೆರಡಕ್ಕೆ ಇಳಿಸುವುದು ಮನೆಗಿಂತ ಜಾಸ್ತಿ, ಮನೆಯಲ್ಲಿರುವ ಜನ.

ಹೇಗೆ ಅಂತ ನೋಡಿ. ನೀವು ಚೀಲ ಕೆಳಗಿಡುವ ಮೊದಲೇ ಅಮ್ಮ ಅಡುಗೆಮನೆಗೆ ಕರೆಯುತ್ತಾರೆ. ದನಿ ತಗ್ಗಿಸಿ, ಬಾಗಿಲ ಕಡೆ ಒಂದು ಸಲ ನೋಡಿ, 'ನಿಮ್ಮಣ್ಣ ಈಗೀಗ ನನ್ನ ಹತ್ರ ಸರಿಯಾಗಿ ಮಾತೇ ಆಡಲ್ಲ, ನೀನಾದರೂ ಸ್ವಲ್ಪ ಹೇಳು' ಅನ್ನುತ್ತಾರೆ. ನಿಮ್ಮ ಕೈ ಆಗಲೇ ಒರೆಸುವ ಬಟ್ಟೆ ಹುಡುಕುತ್ತಿರುತ್ತದೆ, ತಲೆ ಅಲ್ಲಾಡುತ್ತಿರುತ್ತದೆ. ಹತ್ತು ನಿಮಿಷ ಬಿಟ್ಟು ಅಣ್ಣ ಹೊರಗೆ ಸಿಕ್ಕಿ, 'ಅಮ್ಮಂಗೆ ಒಂದು ಮಾತು ಹೇಳು, ಡಾಕ್ಟರ್ ಹತ್ರ ಹೋಗೋಕೆ ಒಪ್ಪಲ್ಲ' ಅನ್ನುತ್ತಾನೆ. ಮುಗಿಯಿತು. ಯಾರೂ ಹಳೆಯ ಮಾತು ಎತ್ತಿಲ್ಲ, ಯಾರೂ ಕೂಗಾಡಿಲ್ಲ. ಆದರೂ ನೀವು ಮತ್ತೆ ಇಬ್ಬರ ನಡುವೆ ಓಡಾಡುವ ಹುಡುಗಿ ಆಗಿಬಿಟ್ಟಿರಿ. ಅಪ್ಪ ಇಲ್ಲ, ಅವರ ಜಾಗದಲ್ಲಿ ಅಣ್ಣ ಇದ್ದಾನೆ, ಅಷ್ಟೇ.

ಇದನ್ನು ಚೆನ್ನಾಗಿ ಗುರುತಿಸಿದವರು ಅಮೆರಿಕದ ಮನೋವೈದ್ಯ ಮರ್ರೇ ಬೋವೆನ್. ಇಬ್ಬರ ನಡುವೆ ಬಿಗಿ ಜಾಸ್ತಿಯಾದಾಗ ಅವರು ಮೂರನೆಯವರನ್ನು ಎಳೆದುಕೊಳ್ಳುತ್ತಾರೆ, ಆಗ ಇಬ್ಬರಿಗೂ ಸ್ವಲ್ಪ ಉಸಿರಾಡಲು ಜಾಗ ಸಿಗುತ್ತದೆ. ಬೋವೆನ್ ಇದನ್ನು ತ್ರಿಕೋನ ಅಂತ ಕರೆದರು. ಆ ಮೂರನೆಯ ವ್ಯಕ್ತಿ ಬಹಳ ಸಲ ಮನೆಯ ಒಂದು ಮಗು. ಸಾಮಾನ್ಯವಾಗಿ ಎಲ್ಲರ ಮುಖ ನೋಡಿ ಮನಸ್ಸು ಓದಬಲ್ಲ ಮಗು. ಗಂಡ ಹೆಂಡಿರ ನಡುವಿನ ಭಾರವನ್ನು ನೀವು ಹೊತ್ತಿರಿ, ಅವರು ಸಂಸಾರ ನಡೆಸಿದರು. ಅದು ಮಗುವಿನ ಕೆಲಸ ಆಗಿರಲಿಲ್ಲ. ಅಮ್ಮ ಏನೇ ಹೇಳಲಿ, ಈ ಮಾತನ್ನು ನಾನು ನಿಮಗೆ ನೇರವಾಗಿ ಹೇಳಬೇಕು.

ಬೋವೆನ್ ಬರೀ ಸಿದ್ಧಾಂತ ಹೇಳಿ ಸುಮ್ಮನಾದವರಲ್ಲ. ತಾವೇ ತಮ್ಮ ಊರಿಗೆ, ತಮ್ಮ ಮನೆಗೆ ಹೋಗಿ ಇದನ್ನು ಮಾಡಿ ನೋಡಿದರು. 1967ರಲ್ಲಿ ಫಿಲಡೆಲ್ಫಿಯಾದಲ್ಲಿ ಕುಟುಂಬ ಚಿಕಿತ್ಸಕರ ಸಭೆಯಿತ್ತು. ಅಲ್ಲಿ ಅವರು ಸಭೆಗೆಂದು ಬರೆದಿದ್ದ ಲೇಖನ ಬದಿಗಿಟ್ಟು, ಸ್ವಂತ ಅಪ್ಪ ಅಮ್ಮ ಒಡಹುಟ್ಟಿದವರ ಜೊತೆ ತಾವು ಹೇಗೆ ನಡೆದುಕೊಂಡೆ ಅನ್ನುವುದನ್ನು ಹೇಳಿದರು. ವೈದ್ಯನೊಬ್ಬ ವೃತ್ತಿಯವರ ಮುಂದೆ ಸ್ವಂತ ಮನೆಯ ಮಾತಾಡುವುದು ಆಗ ಕೇಳರಿಯದ ಸಂಗತಿ. 1972ರಲ್ಲಿ ಅದು ಅಚ್ಚಾದಾಗಲೂ ಹೆಸರಿಲ್ಲದೆ ಬಂತು. ಅವರು ಮಾಡಿದ್ದು ಮೇಲ್ನೋಟಕ್ಕೆ ಸಣ್ಣದು. ಪ್ರತಿಯೊಬ್ಬರ ಜೊತೆ ಒಬ್ಬೊಬ್ಬರಾಗಿ ಮಾತಾಡಿದರು. ಅಲ್ಲಿಲ್ಲದ ಮೂರನೆಯವರ ಮೇಲಿನ ದೂರಿಗೆ ಸೊಪ್ಪು ಹಾಕಲಿಲ್ಲ. ಯಾರ ಪರವೂ ವಹಿಸಲಿಲ್ಲ. ಹಾಗಂತ ಎದ್ದು ದೂರವೂ ಹೋಗಲಿಲ್ಲ.

ನಿಮಗೂ ನಾನು ಮೊದಲು ಹೇಳುವುದು ಇದನ್ನೇ. ಹಳೆಯದನ್ನು ಕೇಳುವುದು ಆಮೇಲಿನ ಮಾತು. ಮೊದಲ ದಿನದ ಕೆಲಸ ಒಂದೇ, ಸುದ್ದಿ ಸಾಗಿಸುವುದನ್ನು ನಿಲ್ಲಿಸುವುದು. ಅಮ್ಮ ಅಣ್ಣನ ದೂರು ಹೇಳಿದರೆ 'ಅದನ್ನ ಅವನಿಗೇ ಹೇಳಮ್ಮ, ನಾನು ಹೇಳಿದರೆ ಚೆನ್ನಾಗಿರಲ್ಲ' ಅನ್ನಿ. ಅಣ್ಣ ಅಮ್ಮನ ವಿಷಯ ತಂದರೆ 'ನೀನೇ ಕೇಳು, ಬೇಕಿದ್ದರೆ ನಾನು ಪಕ್ಕದಲ್ಲಿ ಕೂತಿರ್ತೀನಿ' ಅನ್ನಿ. ದನಿ ಸಾಮಾನ್ಯವಾಗಿರಲಿ. ಉಪನ್ಯಾಸ ಬೇಡ, 'ಚಿಕ್ಕಂದಿನಿಂದ ಇದೇ ಆಯ್ತು' ಅನ್ನುವುದಂತೂ ಬೇಡವೇ ಬೇಡ. ಹೇಳಿದ ಮೇಲೆ ವಿಷಯ ಬದಲಿಸಿ, ಆದರೆ ಅಲ್ಲೇ ಕೂತಿರಿ. ಮಾತು ನಿಲ್ಲಿಸಿ ಎದ್ದು ಹೋದರೆ ಅದು ನಿಮ್ಮ ಅಪ್ಪನ ಹಳೆಯ ವರಸೆ ಆಗಿಬಿಡುತ್ತದೆ.

ಒಂದು ಎಚ್ಚರ. ನೀವು ಹೀಗೆ ಮಾಡಿದ ಕೂಡಲೇ ಮನೆಯವರಿಗೆ ಸರಿಹೋಗುವುದಿಲ್ಲ. 'ದೂರ ಇದ್ದು ಬದಲಾಗಿಬಿಟ್ಟೆ', 'ನಿನಗೆ ಪ್ರೀತಿಯೇ ಇಲ್ಲ' ಅನ್ನುವ ಮಾತು ಬರುತ್ತದೆ. ಅಮ್ಮ ಒಂದು ಹೊತ್ತು ಮುಖ ತಿರುಗಿಸಿಕೊಂಡು ಕೂರಬಹುದು. ಅದನ್ನು ಸೋಲು ಅಂದುಕೊಳ್ಳಬೇಡಿ. ಮೂವತ್ತು ವರ್ಷ ನಡೆದುಕೊಂಡು ಬಂದದ್ದು ನಿಂತಾಗ ಎಲ್ಲರಿಗೂ ಕಸಿವಿಸಿ ಆಗುವುದು ಸಹಜ. ನಿಮಗೂ ಆಗುತ್ತದೆ. ಅಪರಾಧ ಮಾಡಿದ ಹಾಗೆ ಎದೆ ಹೊಡೆದುಕೊಳ್ಳುತ್ತದೆ. ಸ್ವಲ್ಪ ಹೊತ್ತು ತಡೆದುಕೊಂಡರೆ ಇಳಿಯುತ್ತದೆ.

ಇನ್ನು 'ಹಾಗೇನೂ ಇರಲಿಲ್ಲ' ಅನ್ನುವ ಮಾತು. ಈ ಎರಡು ಪದದಿಂದಾಗಿ ಎಷ್ಟೋ ಮಕ್ಕಳು ಹೆತ್ತವರ ಜೊತೆ ಮಾತು ಬಿಟ್ಟಿದ್ದಾರೆ. ಅಮ್ಮ ಸುಳ್ಳು ಹೇಳುತ್ತಿದ್ದಾರೆ ಅಂತ ನಿಮಗೆ ಅನ್ನಿಸಿರಬಹುದು. ಇರಲೂಬಹುದು. ಆದರೆ ಬಹಳ ಸಲ ಅದು ಸುಳ್ಳಲ್ಲ, ಅವರಿಗೆ ನೆನಪಿರುವುದೇ ಹಾಗೆ. ಮನಶ್ಶಾಸ್ತ್ರಜ್ಞ ಫ್ರೆಡರಿಕ್ ಬಾರ್ಟ್ಲೆಟ್ 1932ರಲ್ಲೇ ಇದನ್ನು ತೋರಿಸಿದ್ದರು. ಇಂಗ್ಲೆಂಡಿನ ಓದುಗರಿಗೆ ಬೇರೆ ನಾಡಿನ ಒಂದು ಜನಪದ ಕತೆ ಕೊಟ್ಟು, ದಿನಗಳು ಕಳೆದ ಮೇಲೆ ಮತ್ತೆ ಮತ್ತೆ ಹೇಳಿಸಿದರು. ತಮಗೆ ಅರ್ಥವಾಗದ, ಒಗ್ಗದ ಭಾಗಗಳನ್ನು ಅವರು ತಮಗೇ ಗೊತ್ತಿಲ್ಲದ ಹಾಗೆ ಬಿಟ್ಟರು, ಇಲ್ಲವೇ ತಿದ್ದಿಕೊಂಡರು. ನೆನಪು ಎತ್ತಿಟ್ಟ ಕಾಗದವಲ್ಲ, ಪ್ರತಿ ಸಲವೂ ಹೊಸದಾಗಿ ಕಟ್ಟಿಕೊಳ್ಳುವಂಥದ್ದು. ಒಬ್ಬ ಮನುಷ್ಯನ ಜೊತೆ ಅಷ್ಟು ವರ್ಷ ಬಾಳಿ, ಅವನನ್ನು ಕಳಕೊಂಡು, ಉಳಿದ ವರ್ಷಗಳನ್ನು ನೂಕಬೇಕಾದವರು 'ಎಲ್ಲರ ಮನೇಲೂ ಇರೋದೇ' ಅಂತ ಕಟ್ಟಿಕೊಂಡಿದ್ದಾರೆ. ಅದು ಬಿದ್ದರೆ ಅವರ ಇಡೀ ಬಾಳು ಪ್ರಶ್ನೆಯಾಗುತ್ತದೆ. 74ನೇ ವಯಸ್ಸಿನಲ್ಲಿ ಅದನ್ನು ಬೀಳಿಸು ಅಂತ ಮಗಳು ಕೇಳಿದರೆ, ಹೆಚ್ಚಿನವರು ಬೀಳಿಸುವುದಿಲ್ಲ.

ಹಾಗಾದರೆ ನಿಮ್ಮ ನೆನಪೂ ತಪ್ಪೇ? ಖಂಡಿತ ಹಾಗಲ್ಲ. ಯಾವ ವರ್ಷ, ಯಾವ ಕೋಣೆ, ಯಾರು ಮೊದಲು ಏನಂದರು ಅನ್ನುವಂಥ ಸಣ್ಣ ವಿವರ ಅದಲುಬದಲಾಗಬಹುದು. ಆದರೆ ವಾರಗಟ್ಟಲೆ ಮಾತಿಲ್ಲದ ಮನೆ, ರಾತ್ರಿಯ ಅಳು, ಮಧ್ಯೆ ಓಡಾಡಿದ್ದು ಇವೆಲ್ಲ ಒಂದು ದಿನದ ಘಟನೆಯಲ್ಲ. ಮತ್ತೆ ಮತ್ತೆ ನಡೆದದ್ದು. ಅಂಥದ್ದರ ಒಟ್ಟು ಚಿತ್ರ ಸುಲಭವಾಗಿ ಸುಳ್ಳಾಗುವುದಿಲ್ಲ. ನಿಮಗೆ ಆದದ್ದು ಆಗಿದೆ ಅಂತ ನಂಬಲು ಅಮ್ಮನ ಸಹಿ ಬೇಕಿಲ್ಲ.

ಕಾರ್ಲ್ ಪಿಲ್ಲೆಮರ್ ಅನ್ನುವ ಸಮಾಜಶಾಸ್ತ್ರಜ್ಞ ಅಮೆರಿಕದಲ್ಲಿ 1,300ಕ್ಕೂ ಜಾಸ್ತಿ ಜನರನ್ನು ಕೇಳಿ ನೋಡಿದಾಗ ನೂರಕ್ಕೆ 27 ಜನ ಹತ್ತಿರದ ಯಾರೋ ಒಬ್ಬರ ಜೊತೆ ಸಂಬಂಧ ಕಡಿದುಕೊಂಡಿದ್ದರು. ಮತ್ತೆ ಒಂದಾದವರ ಜೊತೆಗೂ ಅವರು ವಿವರವಾಗಿ ಮಾತಾಡಿದರು. ಹಾಗೆ ಒಂದಾದವರಲ್ಲಿ ಬಹಳಷ್ಟು ಜನ ಒಂದು ವಿಷಯ ಬಿಟ್ಟುಕೊಟ್ಟಿದ್ದರು. ಹಿಂದೆ ನಡೆದದ್ದನ್ನು ಎದುರಿನವರು ತಾವು ಹೇಳಿದ ಹಾಗೆಯೇ ಒಪ್ಪಬೇಕು, ಕ್ಷಮೆ ಕೇಳಬೇಕು ಅನ್ನುವ ಹಟ. ನಿಮಗೆ ಇದು ಅನ್ಯಾಯ ಅನ್ನಿಸಬಹುದು. ನೋವು ತಿಂದವರೇ ಬಿಟ್ಟುಕೊಡಬೇಕಾ ಅಂತ. ಅನ್ಯಾಯವೇ. ಆದರೂ ದಾರಿ ಸಿಕ್ಕಿದ್ದು ಅಲ್ಲೇ.

ಬಿಟ್ಟುಕೊಡುವುದು ಅಂದರೆ ಬಾಯಿ ಮುಚ್ಚಿಕೊಂಡು ಇರುವುದಲ್ಲ. ಕೇಳಿ, ಆದರೆ ಒಪ್ಪಿಗೆ ಕೇಳಬೇಡಿ, ಮಾಹಿತಿ ಕೇಳಿ. ನಾನು ಇಷ್ಟು ಉದ್ದ ಬರೆಯುತ್ತಿರುವುದೇ ಇದೊಂದನ್ನು ಹೇಳಲು.

ನನ್ನ ಬಳಿ ಬರುತ್ತಿದ್ದ ಒಬ್ಬರ ವಿಷಯ ಹೇಳುತ್ತೇನೆ, ಗುರುತು ಸಿಗದ ಹಾಗೆ ವಿವರ ಬದಲಿಸಿದ್ದೇನೆ. ಚಿಕ್ಕಂದಿನಲ್ಲಿ ಅಪ್ಪ ಯಾವಾಗಲೂ ರೇಗುತ್ತಿದ್ದರು, ನಾನು ಏನು ಮಾಡಿದರೂ ತಪ್ಪು ಅನ್ನುವುದು ಅವರ ದುಃಖ. 'ನನ್ನ ಮೇಲೆ ಯಾಕೆ ಅಷ್ಟು ಕೂಗಾಡ್ತಿದ್ರಿ?' ಅಂತ ಕೇಳಿದಾಗಲೆಲ್ಲ ಮುದುಕರು ಎದ್ದು ಹೊರಗೆ ಹೋಗಿಬಿಡುತ್ತಿದ್ದರು. ಆಮೇಲೊಂದು ಸಲ ಹೋದಾಗ ಇವರು ಆ ಪ್ರಶ್ನೆ ಬಿಟ್ಟರು. ನಡುಮನೆಯಲ್ಲಿ ಒಂದು ಹಳೆಯ ಗೋಡೆ ಗಡಿಯಾರ. ಅಪ್ಪ ಸ್ಟೂಲ್ ಹತ್ತಿ ಅದಕ್ಕೆ ಕೀ ಕೊಡುತ್ತಿದ್ದರು. ಇವರು ಸ್ಟೂಲ್ ಹಿಡಿದುಕೊಂಡು 'ಇದನ್ನ ಯಾವಾಗ ತಂದಿದ್ದು?' ಅಂತ ಸುಮ್ನೆ ಕೇಳಿದರು. 'ಕೆಲಸ ಹೋಯ್ತಲ್ಲ, ಅದರ ಹಿಂದಿನ ತಿಂಗಳು' ಅಂದರು ಅಪ್ಪ. ಕೆಲಸ ಹೋಗಿತ್ತು ಅನ್ನುವುದೇ ಇವರಿಗೆ ಗೊತ್ತಿರಲಿಲ್ಲ. ಲೆಕ್ಕ ಹಾಕಿದರೆ ಆಗ ಇವರಿಗೆ ಒಂಬತ್ತು ವರ್ಷ. ಅಪ್ಪ ಕೆಳಗೆ ಇಳಿಯಲಿಲ್ಲ, ತಿರುಗಲೂ ಇಲ್ಲ. ಗಡಿಯಾರದ ಗಾಜು ಒರೆಸುತ್ತಲೇ ಆ ಒಂದೂವರೆ ವರ್ಷ ಮನೆಯಲ್ಲಿ ಯಾರಿಗೂ ಹೇಳದೆ ಬೆಳಿಗ್ಗೆ ಹೊರಟು ಸಂಜೆ ಬರುತ್ತಿದ್ದ ಕತೆ ಹೇಳಿದರು. ಕ್ಷಮೆ ಕೇಳಲಿಲ್ಲ. ಕೊನೆಯವರೆಗೂ ಕೇಳಲಿಲ್ಲ. ಆದರೆ ಬಂದು ಇವರು ನನಗೆ ಹೇಳಿದ್ದು, 'ಅದು ನನ್ನಿಂದ ಆಗಿದ್ದಲ್ಲ ಅಂತ ಗೊತ್ತಾಯಿತು.' ಅಪ್ಪ ಮಾಡಿದ್ದು ಸರಿ ಅಂತ ಅವರಿಗೆ ಅನ್ನಿಸಲಿಲ್ಲ, ನನಗೂ ಅನ್ನಿಸಿಲ್ಲ.

'ಯಾಕೆ' ಅಂತ ಶುರುವಾಗುವ ಪ್ರಶ್ನೆ ಎದುರಿನವರನ್ನು ಕಟಕಟೆಯಲ್ಲಿ ನಿಲ್ಲಿಸುತ್ತದೆ. 'ಯಾವಾಗ', 'ಎಲ್ಲಿ', 'ಯಾರು', 'ಆಗ ಹೇಗಿತ್ತು' ಇವು ಹಾಗಲ್ಲ. 'ನಾವು ಚಿಕ್ಕವರಿದ್ದಾಗ ನಿನಗೆ ಮನಸ್ಸು ಬಿಚ್ಚಿ ಮಾತಾಡೋಕೆ ಯಾರಾದರೂ ಇದ್ದರಾ?' 'ಅಪ್ಪನ ಮನೆಯಲ್ಲೂ ಹೀಗೇ ಮಾತು ಬಿಡ್ತಿದ್ರಾ?' 'ನೀನು ನನ್ನ ವಯಸ್ಸಲ್ಲಿ ಇದ್ದಾಗ ಏನಾಗಬೇಕು ಅಂತ ಇತ್ತು?' ಇಂಥವು ಕೇಳಿ. ಎದುರುಬದುರು ಕೂತು ಕೇಳಬೇಡಿ. ನಿಮಗೆ ಹೇಗೂ ಸಾಮಾನು ಬೇರ್ಪಡಿಸುವ ಕೆಲಸ ಇದೆ. ಇಬ್ಬರ ಕಣ್ಣೂ ಪೆಟ್ಟಿಗೆಯ ಮೇಲಿರುವಾಗ, ಕೈಗೆ ಕೆಲಸ ಇರುವಾಗ ಜನ ಜಾಸ್ತಿ ಮಾತಾಡುತ್ತಾರೆ. ಹಳೆಯ ಫೋಟೋ ಸಿಕ್ಕರೆ ಇದರಲ್ಲಿ ಯಾರಿದ್ದಾರೆ ಅಂತ ಮಾತ್ರ ಕೇಳಿ ಬಿಡಬೇಡಿ. ಫೋಟೋ ತೆಗೆದವರು ಯಾರು, ಅವತ್ತು ಬೇರೆ ಏನು ನಡೆದಿತ್ತು ಅಂತಲೂ ಕೇಳಿ.

ನಿಮ್ಮ ಮಾತನ್ನೂ ಹೇಳಬಹುದು. ಒಂದೇ ಸಲ, ಚಿಕ್ಕದಾಗಿ. 'ಅಮ್ಮ, ಆಗ ನಾನು ನಿಮ್ಮಿಬ್ಬರ ನಡುವೆ ಓಡಾಡ್ತಿದ್ದೆ, ನನಗೆ ತುಂಬಾ ಭಯ ಆಗ್ತಿತ್ತು. ನಿನಗೆ ಇದು ಗೊತ್ತಿರಲಿ ಅಂತ ಹೇಳಿದೆ.' ಇಷ್ಟು ಹೇಳಿ ನಿಲ್ಲಿಸಿ. 'ಅಲ್ವಾ?' ಅಂತ ಸೇರಿಸಬೇಡಿ. ಆ ಒಂದು ಪದ ಸೇರಿಸಿದರೆ ಅವರು ಹೌದು ಅಥವಾ ಇಲ್ಲ ಅನ್ನಲೇಬೇಕಾಗುತ್ತದೆ, ಇಲ್ಲ ಅನ್ನುವುದು ಸುಲಭ. ನೀವು ಹೇಳಿದ್ದು ಅವರ ಕಿವಿಗೆ ಬಿದ್ದಿದೆ. ಕೆಲವರು ಒಂದೆರಡು ದಿನ ಬಿಟ್ಟು, ಸಂಬಂಧವೇ ಇಲ್ಲದ ಹೊತ್ತಿನಲ್ಲಿ ಒಂದು ಮಾತು ಆಡುತ್ತಾರೆ. ಕೆಲವರು ಯಾವತ್ತೂ ಆಡುವುದಿಲ್ಲ.

ಅಪ್ಪನ ಬಗ್ಗೆ ನೀವು ಜಾಸ್ತಿ ಬರೆದಿಲ್ಲ. ಮೂರು ಸಾಲು, ಅಷ್ಟೇ. ಆದರೆ ಮುಖ್ಯ ಲೆಕ್ಕ ಅವರ ಜೊತೆಯದೇ, ಅವರೇ ಇಲ್ಲ. ಆ ಲೆಕ್ಕವನ್ನು ಅಮ್ಮನಿಂದ ವಸೂಲಿ ಮಾಡುವ ಅಪಾಯ ಇದೆ, ಗಮನಿಸಿಕೊಳ್ಳಿ. ಹೋಗುವ ಮೊದಲು ನಿಮ್ಮ ಈಗಿನ ಮನೆಯಲ್ಲಿ ಕೂತು ಬರೆಯಿರಿ. ಮನಶ್ಶಾಸ್ತ್ರಜ್ಞ ಜೇಮ್ಸ್ ಪೆನ್ನೆಬೇಕರ್ ಅವರ 1986ರ ಅಧ್ಯಯನದಲ್ಲಿ ವಿದ್ಯಾರ್ಥಿಗಳು ದಿನಕ್ಕೆ 15 ನಿಮಿಷದಂತೆ ಸತತ 4 ದಿನ ತಮ್ಮ ಬದುಕಿನ ಅತಿ ನೋವಿನ ಸಂಗತಿ ಬರೆದರು. ಬರೆದ ದಿನ ಮನಸ್ಸು ಇನ್ನಷ್ಟು ಕೆಟ್ಟಿತು. ಆದರೆ ಮುಂದಿನ ತಿಂಗಳುಗಳಲ್ಲಿ, ನಡೆದದ್ದರ ಜೊತೆ ತಮಗೆ ಏನನ್ನಿಸಿತು ಅನ್ನುವುದನ್ನೂ ಬರೆದವರು ವೈದ್ಯರ ಬಳಿ ಹೋದದ್ದು ಕಡಿಮೆ. ಇದರ ಮೇಲೆ ಆಮೇಲೆ ಬಂದ ಅಧ್ಯಯನಗಳಲ್ಲಿ ಲಾಭ ಅಷ್ಟು ದೊಡ್ಡದಾಗಿ ಕಂಡಿಲ್ಲ, ಆದರೂ ಖರ್ಚಿಲ್ಲದ ಕೆಲಸ. ಅಕ್ಷರ, ವ್ಯಾಕರಣ ನೋಡಬೇಡಿ, ಯಾರಿಗೂ ತೋರಿಸಬೇಡಿ. ಆ ಮನೆಯಲ್ಲಿ ಕೂತು ಮಾತ್ರ ಬರೆಯಬೇಡಿ. ಬರೆಯುವಾಗ ಅವರು ಸತ್ತಾಗ ಹಗುರ ಅನ್ನಿಸಿತ್ತು ಅನ್ನುವುದು ಹೊರಬಂದರೆ ಗಾಬರಿ ಆಗಬೇಡಿ. ಕಷ್ಟ ಕೊಟ್ಟವರು ಹೋದಾಗ ದುಃಖದ ಜೊತೆ ಅದೂ ಬರುತ್ತದೆ.

'ಅಪ್ಪನನ್ನು ಕ್ಷಮಿಸಿಬಿಡಿ' ಅಂತ ನಾನು ಹೇಳುವುದಿಲ್ಲ. ಕ್ಷಮೆಯ ಮೇಲೆ ದಶಕಗಟ್ಟಲೆ ಕೆಲಸ ಮಾಡಿದ ರಾಬರ್ಟ್ ಎನ್‌ರೈಟ್ ಕೂಡ ಕ್ಷಮಿಸುವುದು ಬೇರೆ, ಮತ್ತೆ ಒಂದಾಗುವುದು ಬೇರೆ, ಮಾಡಿದ್ದನ್ನು ಸರಿ ಅನ್ನುವುದು ಇನ್ನೂ ಬೇರೆ ಅಂತ ಬಿಡಿಸಿ ಹೇಳುತ್ತಾರೆ. ನಿಮಗೆ ಅದು ಬಂದರೆ ಬರಲಿ. ಗಡುವು ಇಲ್ಲ.

ಅಣ್ಣನಿಗೆ ಬರುತ್ತೇನೆ. ನಿಮ್ಮ ಪತ್ರದಲ್ಲಿ ಅವನು ಬಾಗಿಲು ಹಾಕಿಕೊಂಡವನು. ಅವನ ಪತ್ರ ಬಂದಿದ್ದರೆ ನೀವು ಬಿಟ್ಟು ಹೋದವರು. ಎರಡೂ ನಿಜ. ಒಡಹುಟ್ಟಿದವರು ಒಂದೇ ಮನೆಯಲ್ಲಿ ಬೆಳೆದರೂ ಒಂದೇ ಬಾಲ್ಯ ಕಂಡಿರುವುದಿಲ್ಲ. ಮನಶ್ಶಾಸ್ತ್ರಜ್ಞರಾದ ಜೂಡಿ ಡನ್ ಮತ್ತು ರಾಬರ್ಟ್ ಪ್ಲೋಮಿನ್ 1990ರಲ್ಲಿ ಇದರ ಮೇಲೆ ಒಂದು ಇಡೀ ಪುಸ್ತಕವನ್ನೇ ಬರೆದರು. ಹುಟ್ಟಿದ ಕ್ರಮ, ಅಪ್ಪ ಅಮ್ಮನ ಆಗಿನ ಪರಿಸ್ಥಿತಿ, ಯಾರನ್ನು ಯಾವ ಕೆಲಸಕ್ಕೆ ಕರೆದರು ಎಲ್ಲವೂ ಬೇರೆ. ಅಮ್ಮ ಅತ್ತಾಗ ನಿಮ್ಮ ಪಕ್ಕ ಕೂತರು. ಅವನ ಪಕ್ಕ ಯಾರು ಕೂತರು? ಬಾಗಿಲಿನ ಆ ಕಡೆ ಏನು ನಡೆಯುತ್ತಿತ್ತು ಅಂತ ನಿಮಗೆ ಗೊತ್ತಾ? ಗೊತ್ತಿಲ್ಲದಿದ್ದರೆ ಅದೂ ಕೇಳಬೇಕಾದ ಮಾಹಿತಿಯೇ.

ಆದರೆ ಅವನ ಹತ್ತಿರ ಮಾತಿನಿಂದ ಶುರು ಮಾಡಬೇಡಿ. ಅಪ್ಪನ ಕೊನೆಯ ದಿನಗಳನ್ನೂ ಅಮ್ಮನ ಈಗಿನ ದಿನಗಳನ್ನೂ ನೋಡಿಕೊಂಡವನು ಅವನು. ಹತ್ತಿರ ಉಳಿದವರಿಗೆ ದೂರ ಹೋದವರ ಮೇಲೆ ಇರುವ ಸಿಟ್ಟು ಬಹಳ ಸಲ ದಣಿವಿನ ಸಿಟ್ಟು. 'ನೀನು ಎಷ್ಟೆಲ್ಲ ಮಾಡಿದೆ' ಅಂತ ಒಂದು ಭಾಷಣ ಮಾಡಿದರೆ ಅವನಿಗೆ ಇನ್ನೂ ಉರಿಯುತ್ತದೆ. ಅದರ ಬದಲು ಹೋಗುವ ಮೊದಲೇ ಫೋನ್ ಮಾಡಿ, 'ನಾನಿರುವ ಮೂರು ದಿನದಲ್ಲಿ ಅಮ್ಮನ ಯಾವ ಕೆಲಸ ನಾನು ಮಾಡಲಿ? ನೀನು ಎಲ್ಲಾದರೂ ಹೋಗಿ ಬರಬೇಕಾ?' ಅಂತ ಕೇಳಿ. ಹೇಳಿದ್ದನ್ನು ಮಾಡಿ. ಅವನು ಮಾಡುವ ರೀತಿ ಸರಿಯಿಲ್ಲ ಅಂತ ಅನ್ನಿಸಿದರೂ ಮೊದಲ ಸಲ ತಿದ್ದಬೇಡಿ. ಔಷಧಿಯ ಪ್ರಮಾಣದಂಥದ್ದು ತಪ್ಪಾಗಿದ್ದರೆ ಬೇರೆ ಮಾತು.

ಮನೆ ಮಾರಿದ ಹಣದ ವಿಷಯ ಈ ಮೂರು ದಿನದಲ್ಲಿ ಬೇಡ. ಅದಕ್ಕೆ ಬೇರೆ ದಿನ, ಕಾಗದ ಮುಂದಿಟ್ಟುಕೊಂಡು, ಅಮ್ಮನನ್ನು ನಡುವೆ ಕೂರಿಸದೆ ಮಾತಾಡಿ. ನೋವಿನ ಲೆಕ್ಕ ಹಣದ ಲೆಕ್ಕದೊಳಗೆ ಸೇರಿಕೊಂಡರೆ ಎರಡೂ ಬಗೆಹರಿಯುವುದಿಲ್ಲ.

ಮೂರೇ ದಿನ ಯಾಕೆ ಅಂದೆ? ಮೊದಲ ದಿನ ಎಲ್ಲರೂ ಚೆನ್ನಾಗಿ ನಡೆದುಕೊಳ್ಳುತ್ತಾರೆ, ಎರಡನೆಯ ದಿನ ನಿಜ ಹೊರಬರುತ್ತದೆ. ಮೂರನೆಯ ದಿನ ಅದನ್ನು ಸ್ವಲ್ಪ ಸರಿಮಾಡಿಕೊಂಡು ಹೊರಡಬಹುದು. ನಾಲ್ಕನೆಯ ದಿನದಿಂದ ಸುಸ್ತು ಮಾತಾಡುತ್ತದೆ. ಬೇಕಿದ್ದರೆ ತಿಂಗಳು ಬಿಟ್ಟು ಮತ್ತೆ ಮೂರು ದಿನ ಹೋಗಿ. ಅನುಕೂಲ ಇದ್ದರೆ ರಾತ್ರಿ ಮಲಗುವುದು ಬೇರೆ ಕಡೆ ಇರಲಿ. ಆಗದಿದ್ದರೆ ದಿನಾ ಒಂದು ಹೊತ್ತು ಒಬ್ಬರೇ ಹೊರಗೆ ನಡೆದು ಬನ್ನಿ, ಆ ಮನೆಯ ನಂಟಿಲ್ಲದ ಒಬ್ಬರಿಗೆ ಫೋನ್ ಮಾಡಿ. ಅವರಿಗೆ ಮೊದಲೇ ಹೇಳಿಟ್ಟಿರಿ. ಅವರು ಸಲಹೆ ಕೊಡಬೇಕಿಲ್ಲ, ನಿಮ್ಮನ್ನು 43 ವರ್ಷದವಳ ಹಾಗೆ ಮಾತಾಡಿಸಿದರೆ ಸಾಕು.

ನಿಮ್ಮ ಕೋಣೆ ಈಗ ನಿಮ್ಮದಾಗಿ ಉಳಿದಿಲ್ಲದಿರಬಹುದು. ಮುರಿದ ಕುರ್ಚಿ, ಅಪ್ಪನ ಬಟ್ಟೆಗಳ ಗಂಟು, ಯಾರದೋ ಹಳೆಯ ಹಾಸಿಗೆ ಎಲ್ಲ ಅಲ್ಲಿ ತುಂಬಿರಬಹುದು. ಎಷ್ಟು ಸಣ್ಣ ಕೋಣೆ ಇದು ಅನ್ನಿಸುತ್ತದೆ. ಜೆರ್ರಿ ಬರ್ಗರ್ ಅನ್ನುವ ಮನಶ್ಶಾಸ್ತ್ರಜ್ಞ ಬಾಲ್ಯದ ಮನೆ ನೋಡಲು ಹೋದವರನ್ನೇ ಹುಡುಕಿ ಮಾತಾಡಿಸಿದವರು. ಸುಮಾರು 5ರಿಂದ 12 ವರ್ಷದವರೆಗೆ ಇದ್ದ ಮನೆಯನ್ನೇ ಜನ ಹೆಚ್ಚಾಗಿ 'ನನ್ನ ಮನೆ' ಅಂದುಕೊಳ್ಳುತ್ತಾರೆ ಅಂತ ಅವರು ಕಂಡುಕೊಂಡರು. ನಿಮಗೆ ಹನ್ನೆರಡೇ ಯಾಕೆ ನೆನಪಾಗುತ್ತದೆ ಅನ್ನುವುದಕ್ಕೆ ಇದೂ ಒಂದು ಕಾರಣ ಇರಬಹುದು. ಹೋದವರಲ್ಲಿ ಕೆಲವರು ಮುಗಿಯದೇ ಉಳಿದ ನೋವು ಹೊತ್ತು ಹೋಗಿದ್ದರು. ಅಂಥವರು ಅಲ್ಲಿ ಬಹಳ ಅತ್ತರು. ಅಳು ಬಂದರೆ ತಡೆಯಬೇಡಿ, ಆದರೆ ಅವತ್ತೇ ಸಾಮಾನು ಎಸೆಯುವ ತೀರ್ಮಾನ ತಗೋಬೇಡಿ. ಒಂದು ಪೆಟ್ಟಿಗೆ 'ಆಮೇಲೆ ನೋಡೋಣ' ಅಂತ ಇರಲಿ. ಖಾಲಿ ಮಾಡುವ ಮುಂಚೆ ಪ್ರತಿ ಕೋಣೆಯದೂ ಫೋಟೋ ತೆಗೆದಿಟ್ಟುಕೊಳ್ಳಿ. ಚೆಂದದ ಮೂಲೆಗಳು ಮಾತ್ರ ಅಲ್ಲ, ನೀವು ನಿಂತು ಕೇಳಿಸಿಕೊಳ್ಳುತ್ತಿದ್ದ ಜಾಗವೂ ಇರಲಿ.

ವಾಪಸ್ ಬಂದ ಮೇಲೆ ಒಂದು ವಾರ ಮಂಕು ಕವಿದ ಹಾಗಿರುತ್ತದೆ. ಸಣ್ಣ ವಿಷಯಕ್ಕೆ ರೇಗುತ್ತೀರಿ, ವಿಚಿತ್ರ ಕನಸು ಬೀಳುತ್ತವೆ. ಎರಡು ವಾರ ಕಳೆದರೂ ನಿದ್ದೆ ಬಾರದಿದ್ದರೆ, ದಿನದ ಕೆಲಸ ಕೈಗೆ ಹತ್ತದಿದ್ದರೆ ಹತ್ತಿರದ ಆಪ್ತಸಮಾಲೋಚಕರನ್ನೋ ಮನೋವೈದ್ಯರನ್ನೋ ಕಾಣಿ.

ಕೊನೆಗೆ ಮಗಳು. ಈ ಸಲ ಬೇಡ. ಅವಳು ಜೊತೆಗಿದ್ದರೆ ನೀವು ಮೂರು ದಿನವೂ ತಾಯಿಯ ಪಾತ್ರದಲ್ಲಿ ಇರಬೇಕಾಗುತ್ತದೆ, ಮಗಳಾಗಿ ಕೂತು ಮಾತಾಡಲು ಬಿಡುವು ಸಿಗುವುದಿಲ್ಲ. ಇನ್ನೊಂದು ಕಾರಣವೂ ಇದೆ. ಮನೆಯಲ್ಲಿ ಮಾತು ಬಿಗಿಯಾದರೆ ಎಲ್ಲರ ಕಣ್ಣೂ ಅವಳ ಕಡೆ ಹೋಗುತ್ತದೆ, 'ನಿಮ್ಮಮ್ಮಂಗೆ ಹೇಳು' ಅನ್ನುವುದು ಶುರುವಾಗುತ್ತದೆ. ಆದರೆ ಬಿಟ್ಟು ಹೋಗುವಾಗ 'ಸುಮ್ನೆ ಸಾಮಾನು ತರೋಕೆ' ಅಂತ ಸುಳ್ಳು ಹೇಳಬೇಡಿ. ಹನ್ನೆರಡು ವರ್ಷದವರಿಗೆ ಅದು ಗೊತ್ತಾಗುತ್ತದೆ, ನಿಮಗೆ ಗೊತ್ತಾಗುತ್ತಿತ್ತಲ್ಲ. 'ಅಜ್ಜಿ ಮನೆಯಲ್ಲಿ ನಾನು ಚಿಕ್ಕವಳಿದ್ದಾಗ ಕೆಲವು ವಿಷಯ ಕಷ್ಟ ಇತ್ತು. ಅಜ್ಜಿ ಜೊತೆ, ಮಾಮನ ಜೊತೆ ಮಾತಾಡಿ ಬರ್ತೀನಿ. ಅದನ್ನ ನೀನು ಸರಿ ಮಾಡಬೇಕಾಗಿಲ್ಲ' ಅನ್ನಿ. ಅವಳು ಏನಾದರೂ ಕೇಳಿದರೆ ಕೇಳಿದಷ್ಟಕ್ಕೆ ಉತ್ತರ ಕೊಡಿ. ಮನೆ ಖಾಲಿಯಾಗುವ ಮುಂಚೆ ಅವಳು ಅದನ್ನು ಒಮ್ಮೆ ನೋಡಬೇಕು ಅಂತ ನಿಮಗಿದ್ದರೆ, ನಿಮ್ಮ ಮೂರು ದಿನ ಮುಗಿದ ಮೇಲೆ ಇನ್ನೊಂದು ದಿನ ಬೆಳಿಗ್ಗೆ ಕರೆದುಕೊಂಡು ಹೋಗಿ ಸಂಜೆ ವಾಪಸ್ ಬನ್ನಿ.